ನಾಲ್ಕನೆಯ ಕೈ

ಜೀವಮಾನವೆಲ್ಲ ಪಂಪ, ರನ್ನ, ಕುಮಾರವ್ಯಾಸರನ್ನು ಪಾಠ ಹೇಳಿ ನಿವೃತ್ತನಾದ ಕನ್ನಡ ಮೇಷ್ಟ್ರಿಗೆ ಕ್ಲಬ್ಬಿನ ಹಸಿರು ಮೇಜಿನ ಗೊಡವೆ ಏಕೆ ಎಂದು ಕೆಲವರಾದರೂ ಕೇಳಿಯಾರು. ಕೇಳುವುದು ನ್ಯಾಯವೇ. ನನಗೆ ಬ್ರಿಡ್ಜ್ ಆಟ ಚೆನ್ನಾಗಿ ಬರುವುದಿಲ್ಲ. ಆದರೆ ಆ ಆಟದ ಪಕ್ಕದಲ್ಲಿ, ಗೋಡೆಗೆ ಒರಗಿ ಕುಳಿತು, ನನ್ನ ಬಾಲ್ಯದ ಅನೇಕ ಶನಿವಾರಗಳನ್ನು ಕಳೆದಿದ್ದೇನೆ. ಆಡುವವನಿಗೆ ಕಾಣದ ಕೆಲವು ಸಂಗತಿಗಳು ಒರಗಿ ಕುಳಿತವನಿಗೆ ಕಾಣುವುದುಂಟು.

ಈ ಆಟಕ್ಕೆ ನಾಲ್ವರು ಬೇಕು. ಮೂವರಿದ್ದರೆ ಆಟವಿಲ್ಲ, ಐವರಾದರೆ ಒಬ್ಬರು ಸುಮ್ಮನೆ ನೋಡುತ್ತ ಕೂರಬೇಕು. ದೊಡ್ಡ ಊರುಗಳಲ್ಲಿ ಇದೊಂದು ತೊಂದರೆಯೇ ಅಲ್ಲ. ಸಣ್ಣ ಊರಿನಲ್ಲಿ ಮಾತ್ರ ನಾಲ್ಕನೆಯವರಿಗಾಗಿ ದಾರಿ ಕಾಯುವುದೇ ಸಂಜೆಯ ಮೊದಲ ಕೆಲಸ. ನಮ್ಮ ತಂದೆ ಹಲವು ವರ್ಷ ಹಾಗೆ ನಾಲ್ಕನೆಯವರಾಗಿದ್ದರು.

ನಮ್ಮದು ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ. ಬಸ್ಸಿನ ಹಲಗೆಯ ಮೇಲೆ ಹೀಗೆ ಎರಡು ಅಕ್ಷರಗಳ ಹಿಂದೆ ಅಡಗಿ ಕುಳಿತಿರುವ ಊರಿನ ಪೂರ್ಣ ಹೆಸರು ಇಟಕದಿಬ್ಬನಹಳ್ಳಿ. ಆಂಧ್ರದ ಗಡಿ ಹತ್ತಿರ. ಮನೆಯಲ್ಲಿ ಕನ್ನಡವಾದರೆ ಸಂತೆಯಲ್ಲಿ ತೆಲುಗು. ಮಳೆ ಬಂದರೆ ರಾಗಿ, ಕಡಲೆಕಾಯಿ; ಬಾರದಿದ್ದರೆ ಅರಳಿಕಟ್ಟೆ. ಕಟ್ಟೆಯ ಮೇಲೆ ನಡೆಯುವ ಇಸ್ಪೀಟಿಗೆ ಗಡಿಯಾಚೆಯ ಮಾತಿನಲ್ಲಿ ಪೇಕಾಟವೆಂದು ಹೆಸರು. ಬ್ರಿಡ್ಜ್ ಎಂಬ ಪದ ಆ ಕಟ್ಟೆಯ ಮೇಲೆ ಎಂದೂ ಕೇಳಿಬಂದದ್ದಿಲ್ಲ. ಅದನ್ನು ಆಡಲು ಬಸ್ಸು ಹತ್ತಿ ತಾಲ್ಲೂಕು ಕೇಂದ್ರವೊಂದಕ್ಕೆ ಹೋಗಬೇಕಿತ್ತು. ಕಟ್ಟೆಯಿಂದ ಕ್ಲಬ್ಬಿಗೆ ಇದ್ದ ಆ ದೂರ ಎಷ್ಟೆಂಬುದೇ ನನ್ನ ಇಂದಿನ ಮಾತಿನ ವಸ್ತು.

ಆಟದ ವಿಷಯದಲ್ಲಿ ನಮ್ಮ ಪರಂಪರೆಗೆ ಮೊದಲಿನಿಂದಲೂ ಎರಡು ಮನಸ್ಸು. ಋಗ್ವೇದದ ಅಕ್ಷಸೂಕ್ತದಲ್ಲಿ ಜೂಜುಗಾರನೊಬ್ಬ ಮನೆಮಡದಿಯನ್ನು ಕಳೆದುಕೊಂಡು ಪರಿತಪಿಸುತ್ತಾನೆ. ಧರ್ಮರಾಯನ ದ್ಯೂತವಂತೂ ನಮ್ಮ ಕವಿಗಳಿಗೆ ತೀರದ ವಸ್ತು. ಇತ್ತ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚದುರಂಗ, ಪಗಡೆಗಳನ್ನು ರಾಜನು ಅರಿತಿರಬೇಕಾದ ವಿನೋದಗಳೆಂದೇ ವಿವರಿಸಿದ್ದಾನೆ. ಅದೇ ಆಟ ಒಂದು ಕಡೆ ಕೇಡು, ಇನ್ನೊಂದು ಕಡೆ ಕಲೆ. ಆಡುವವನು ಯಾರು, ಎಲ್ಲಿ ಕುಳಿತು ಆಡುತ್ತಾನೆ ಎಂಬುದರ ಮೇಲೆ ಹೆಸರು ಬದಲಾಗುತ್ತದೆ.

ಎಲೆಗಳ ಆಟ ಇವಕ್ಕಿಂತ ಈಚಿನದು. ಬಾಬರನು 1527ರಲ್ಲಿ ಸಿಂಧಿನ ತನ್ನ ಮಿತ್ರನೊಬ್ಬನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿಯನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಮೊಗಲರ ಕಟ್ಟಿನಲ್ಲಿ 8 ಬಣಗಳು, 96 ಎಲೆ. ನಮ್ಮವರು ಅದನ್ನು ದಶಾವತಾರಕ್ಕೆ ಹೊಂದಿಸಿಕೊಂಡಾಗ 10 ಬಣ, 120 ಎಲೆ. ದುಂಡಾದ ಎಲೆಗಳು, ಉಳ್ಳವರಿಗೆ ದಂತದವು, ಇಲ್ಲದವರಿಗೆ ಬಟ್ಟೆಗೆ ಅರಗಿನ ಬಣ್ಣ ಬಳಿದವು.

ಈ ಆಟ ತನ್ನ ತುತ್ತತುದಿಯನ್ನು ಮುಟ್ಟಿದ್ದು ಮೈಸೂರಿನಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಎಳೆಯ ಮಗುವಾಗಿ ಪಟ್ಟವೇರಿದವರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ಅನಂತರವೂ 37 ವರ್ಷ ಅವರು ದೊರೆಯೆಂಬ ಹೆಸರನ್ನು ಹೊತ್ತು ಬಾಳಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ‘ಕೌತುಕನಿಧಿ’. ಅದರಲ್ಲಿ ಅವರೇ ಕಲ್ಪಿಸಿದ ಎಲೆಯಾಟಗಳ ವಿವರಗಳಿವೆ; ಅತಿ ದೊಡ್ಡ ಕಟ್ಟಿನಲ್ಲಿ 360 ಎಲೆಗಳು. ನಾಡನ್ನು ಆಳುವ ಅಧಿಕಾರವಿಲ್ಲದ ಅರಸನು ದೇವತೆಗಳನ್ನೂ ಗ್ರಹಗಳನ್ನೂ ದಿಕ್ಪಾಲಕರನ್ನೂ ಎಲೆಗಳ ಮೇಲೆ ಬರೆಸಿ, ಅವರವರ ಸ್ಥಾನಗಳನ್ನು ನಿಯಮಿಸಿ, ಯಾರು ಯಾರನ್ನು ಗೆಲ್ಲಬೇಕೆಂದು ತೀರ್ಮಾನಿಸುವುದರಲ್ಲಿ ಒಂದು ಕರುಣೆಯ ಅಂಶವಿದೆ ಎಂದು ನನಗೆ ಯಾವಾಗಲೂ ಅನ್ನಿಸಿದೆ. ಅರಮನೆಯ ಆ ಎಲೆಗಳು ಊರಿನ ಕಟ್ಟೆಗೆ ಇಳಿದು ಬರಲಿಲ್ಲ. 360 ಎಲೆಗಳನ್ನು ಹಿಡಿಯುವ ಕೈಯೂ ಬಿಡುವೂ ಎಲ್ಲರಿಗೆ ಎಲ್ಲಿಂದ ಬರಬೇಕು?

ಕಟ್ಟೆಗೆ ಬಂದದ್ದು ಐರೋಪ್ಯರ 52 ಎಲೆಗಳು. ಹಡಗಿನಿಂದ ಇಳಿದ ಕ್ರಮ ನಮ್ಮ ಮಾತಿನಲ್ಲೇ ಉಳಿದಿದೆ. ನಾವು ಕಳಾವರ ಎನ್ನುವುದು ಡಚ್ಚರ ಕ್ಲಾವರ್. ತುರುಫು ಎನ್ನುವುದು ಅವರ ಟ್ರೂಫ್. ಎಕ್ಕ, ಗುಲಾಮ ಎಂಬ ಮಾತುಗಳು ಉತ್ತರದಿಂದ ಬಂದವು. ಹೀಗೆ ನಾನಾ ದಿಕ್ಕಿನ ಮಾತುಗಳು ಒಂದು ಕಟ್ಟಿನಲ್ಲಿ ಬೆರೆತು, ಓದು ಬಾರದವನ ನಾಲಗೆಯ ಮೇಲೂ ಸಲೀಸಾಗಿ ಆಡಿದವು. ರಾಜಕಾರಣದ ವರದಿಗಳಲ್ಲಿ ‘ತುರುಫಿನ ಎಲೆ’ಯನ್ನು ದಿನವೂ ಓದುವ ನಾವು ಅದರ ಹುಟ್ಟನ್ನು ಮರೆತೇಬಿಟ್ಟಿದ್ದೇವೆ.

ಇಂಗ್ಲಿಷರ ಆಟ ವಿಸ್ಟ್. ಎಡ್ಮಂಡ್ ಹಾಯ್ಲ್ ಎಂಬಾತ ಅದರ ಮೇಲೆ 1742ರಲ್ಲಿ ಬರೆದ ಪುಸ್ತಕ ಮುಂದಿನ ಆಟಗಳಿಗೆಲ್ಲ ಶಾಸ್ತ್ರಗ್ರಂಥವಾಯಿತು. ವಿಸ್ಟ್ ಬೆಳೆದು ಬ್ರಿಡ್ಜ್ ಆಯಿತು; ಬ್ರಿಡ್ಜಿಗೆ ಹರಾಜಿನ ಕೂಗು ಸೇರಿತು. ಆ ಹರಾಜನ್ನು ಮೊದಲು ಸೇರಿಸಿದವರು ಹಿಂದೂಸ್ಥಾನದಲ್ಲಿ ಬೇಸರದಿಂದ ಕುಳಿತಿದ್ದ ಇಂಗ್ಲಿಷ್ ಅಧಿಕಾರಿಗಳೇ ಎಂಬ ಮಾತು ಆಟದ ಚರಿತ್ರೆಯಲ್ಲಿದೆ. ಕಡೆಯದಾಗಿ 1925ರ ಶರತ್ಕಾಲದಲ್ಲಿ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಎಂಬ ಶ್ರೀಮಂತ ಪನಾಮಾ ಕಾಲುವೆಯ ಮೂಲಕ ಸಾಗುತ್ತಿದ್ದ ಹಡಗಿನಲ್ಲಿ ಹೊಸ ಎಣಿಕೆಯ ಕ್ರಮವನ್ನು ಪ್ರಯೋಗಿಸಿ ನೋಡಿದ. ಇಂದು ಲೋಕವೆಲ್ಲ ಆಡುವ ಕಾಂಟ್ರಾಕ್ಟ್ ಬ್ರಿಡ್ಜ್ ಅದೇ.

ಆಟದ ತಿರುಳನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಎದುರುಬದುರು ಕುಳಿತ ಇಬ್ಬರು ಜೊತೆಗಾರರು. ತಲೆಗೆ 13 ಎಲೆ. ಆಡುವುದಕ್ಕೆ ಮುಂಚೆ ಕೂಗಬೇಕು: ಹದಿಮೂರು ಸುತ್ತುಗಳಲ್ಲಿ ಇಷ್ಟನ್ನು ಗೆಲ್ಲುತ್ತೇವೆ, ತುರುಫು ಇದು, ಎಂದು. ಕೂಗಿದ್ದಷ್ಟನ್ನು ಗೆಲ್ಲದಿದ್ದರೆ ದಂಡ. ಕೂಗಿನ ನಿಗದಿತ ಮಾತುಗಳನ್ನು ಬಿಟ್ಟರೆ ಜೊತೆಗಾರರು ಒಬ್ಬರಿಗೊಬ್ಬರು ಏನನ್ನೂ ತಿಳಿಸುವಂತಿಲ್ಲ. ಹುಬ್ಬು ಹಾರಿಸುವಂತಿಲ್ಲ, ಕೆಮ್ಮುವಂತಿಲ್ಲ. ಒಬ್ಬ ಆಟಗಾರನಿಗೆ ಬರಬಹುದಾದ ಬೇರೆ ಬೇರೆ ಹಂಚಿಕೆಗಳ ಸಂಖ್ಯೆ 63,501 ಕೋಟಿ 35 ಲಕ್ಷ 59 ಸಾವಿರದ 600. ಆದ್ದರಿಂದ ಒಮ್ಮೆ ಬಂದ ಕೈ ಮತ್ತೊಮ್ಮೆ ಬರುತ್ತದೆಂದು ಕಾಯುವವನು ಮೂರ್ಖ. ಬಂದದ್ದನ್ನು ಆಡಬೇಕು.

ಇನ್ನು ಕ್ಲಬ್ಬುಗಳು. ಮುಮ್ಮಡಿಯವರು ತೀರಿಕೊಂಡ 1868ರಲ್ಲೇ ಬೆಂಗಳೂರಿನ ದಂಡಿನಲ್ಲಿ ಇಂಗ್ಲಿಷ್ ಅಧಿಕಾರಿಗಳ ಕ್ಲಬ್ಬು ಹುಟ್ಟಿತು. ಇಂದಿನ ಬೆಂಗಳೂರು ಕ್ಲಬ್ ಅದೇ. 1896ರಲ್ಲಿ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಎಂಬ ಯುವ ಸೈನ್ಯಾಧಿಕಾರಿ ಅಲ್ಲಿ ಉಳಿಸಿಹೋದ 13 ರೂಪಾಯಿ ಬಾಕಿ, ವಸೂಲಾಗದ ಸಾಲಗಳ ಪಟ್ಟಿಯಲ್ಲಿ 1899ರಿಂದ ಹಾಗೆಯೇ ಉಳಿದಿದೆ. ಸಾಲ ಉಳಿಸಿಹೋದ ಪರದೇಶಿಗೆ ತೆರೆದಿದ್ದ ಆ ಬಾಗಿಲು, ಇದೇ ನೆಲದ ಮನುಷ್ಯನಿಗೆ ಆಗ ತೆರೆದಿರಲಿಲ್ಲ. ಇದಕ್ಕೆ ಉತ್ತರವೆಂಬಂತೆ 1917ರಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ, ಕಬ್ಬನ್ ಉದ್ಯಾನದ ಅಂಚಿನಲ್ಲಿ ಭಾರತೀಯರದೇ ಆದ ಸೆಂಚುರಿ ಕ್ಲಬ್ ಆರಂಭವಾಯಿತು. ನಮ್ಮವರು ನಮ್ಮದೇ ಮೇಜಿನ ಸುತ್ತ ಕುಳಿತರು. ಅದು ಸಣ್ಣ ಸಂಗತಿಯಲ್ಲ. ಆದರೆ ಕ್ಲಬ್ಬೆಂದ ಮೇಲೆ ಅದಕ್ಕೆ ಸದಸ್ಯರು ಇರುತ್ತಾರೆ. ಸದಸ್ಯರೆಂದ ಮೇಲೆ ಸದಸ್ಯರಲ್ಲದವರೂ ಇರುತ್ತಾರೆ.

ನಮ್ಮ ಸಾಹಿತ್ಯಕ್ಕೂ ಕ್ಲಬ್ಬಿಗೂ ನಂಟಿಲ್ಲವೆಂದು ಯಾರೂ ತಿಳಿಯಬಾರದು. ಮಾಸ್ತಿಯವರು ದಿನವಿಡೀ ಬರೆದು, ಓದಿ, ಸಂಜೆಯಾದ ಕೂಡಲೆ ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿಗೆ ನಡೆದು ಇಸ್ಪೀಟಾಡುತ್ತಿದ್ದುದು ಕನ್ನಡಿಗರಿಗೆಲ್ಲ ತಿಳಿದ ಸಂಗತಿ. 1983ರ ಸಾಲಿನ ಜ್ಞಾನಪೀಠ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು; ಆ ವೇಳೆಗೂ ಎಲೆಗಳ ನಂಟು ಹಳೆಯ ಸ್ನೇಹದಂತೆ ಅವರ ಹೆಸರಿನೊಡನೆ ಸೇರಿಕೊಂಡಿತ್ತು. ಅವರ ಕಥೆಗಳಲ್ಲಿ ಮನುಷ್ಯರು ಬಿಡುವಾಗಿ ಕುಳಿತು, ಒಬ್ಬರ ಮಾತನ್ನು ಒಬ್ಬರು ಪೂರ್ತಿಯಾಗಿ ಕೇಳುವ ಒಂದು ರೀತಿ ಇದೆ. ಆ ಸಾವಧಾನದಲ್ಲಿ ಸಂಜೆಯ ಮೇಜಿನ ಪಾಲೂ ಸ್ವಲ್ಪ ಇರಬಹುದೆಂದು ನನಗೆ ತೋರುತ್ತದೆ.

ಹಳೆಯ ಮೈಸೂರಿನ ತಾಲ್ಲೂಕು ಕೇಂದ್ರಗಳ ಕ್ಲಬ್ಬುಗಳು ಈ ದೊಡ್ಡ ಕ್ಲಬ್ಬುಗಳ ಮೊಮ್ಮಕ್ಕಳು. ನಾನು ಕಂಡ ಕ್ಲಬ್ಬು ಯಾವ ಊರಿನದೆಂದು ಹೇಳುವುದು ಬೇಡ. ಮಂಗಳೂರು ಹೆಂಚಿನ ಮಾಡು, ಮುಂದೆ ಒಂದು ಟೆನಿಸ್ ಅಂಗಳ, ಒಳಗೆ ಎರಡು ಮೇಜು, ಗೋಡೆಗೆ ಗಾಂಧೀಜಿಯವರ ಪಟ, ಪಕ್ಕದಲ್ಲಿ ಗೆದ್ದವರ ಹೆಸರು ಬರೆದ ಕಪ್ಪು ಹಲಗೆ. ತಹಸೀಲ್ದಾರರು, ಮುನ್ಸೀಫರು, ಸರ್ಕಾರಿ ಡಾಕ್ಟರು, ಪೊಲೀಸ್ ಅಧಿಕಾರಿ, ಇಬ್ಬರು ಮೂವರು ವಕೀಲರು, ಎಣ್ಣೆ ಗಿರಣಿಯ ಸಾಹುಕಾರರು: ಇಷ್ಟೇ ಸದಸ್ಯತ್ವ. ಇವರಲ್ಲಿ ಅರ್ಧ ಜನ ಎರಡು ಮೂರು ವರ್ಷಗಳಿಗೆ ವರ್ಗವಾಗಿ ಹೋಗುವವರು. ಹೊಸ ಊರಿಗೆ ಬಂದ ಅಧಿಕಾರಿಗೆ ಕ್ಲಬ್ಬೇ ನೆಂಟರ ಮನೆ. ಡಾಕ್ಟರ ಮಗಳ ಮದುವೆಗೆ ಸಾಹುಕಾರರು ಅಕ್ಕಿ ಕಳುಹಿಸುವುದು, ವಕೀಲರಿಗೆ ಕಾಯಿಲೆಯಾದಾಗ ಮುನ್ಸೀಫರು ರಾತ್ರಿ ಕಾದು ಕೂರುವುದು, ಇವೆಲ್ಲ ಆ ಮೇಜಿನಿಂದ ಹುಟ್ಟಿದ ಒಳ್ಳೆಯತನಗಳು. ಜಾತಿ ಬೇರೆಯಾದವರು ಒಂದೇ ತಟ್ಟೆಯ ಬೋಂಡಾ ತಿಂದದ್ದನ್ನು ಆ ಊರಿನಲ್ಲಿ ನಾನು ಮೊದಲು ನೋಡಿದ್ದು ಅಲ್ಲಿಯೇ. ಹೆಂಗಸರು ಮಾತ್ರ ಆ ಬಾಗಿಲಿನೊಳಗೆ ಬಂದದ್ದನ್ನು ನೋಡಿದ ನೆನಪಿಲ್ಲ.

ನಮ್ಮ ತಂದೆ ಪ್ರೈಮರಿ ಸ್ಕೂಲ್ ಮೇಷ್ಟ್ರು. ತುಮಕೂರಿನಲ್ಲಿ ತರಬೇತಿಗಿದ್ದಾಗ ಯಾರಿಂದಲೋ ಬ್ರಿಡ್ಜ್ ಕಲಿತವರು. ಲೆಕ್ಕದಲ್ಲಿ ಗಟ್ಟಿಗರು, ಆಡಿಹೋದ ಎಲೆಗಳೆಲ್ಲ ಅವರ ತಲೆಯಲ್ಲಿ ಹಾಜರಿ ಪುಸ್ತಕದಂತೆ ಉಳಿಯುತ್ತಿದ್ದವು. ಶನಿವಾರ ಬೆಳಗಿನ ಶಾಲೆ ಮುಗಿಸಿ, ಸಾಮಾನು ತರುವ ನೆಪದಲ್ಲಿ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತುತ್ತಿದ್ದರು. ಅವರು ಸದಸ್ಯರಲ್ಲ, ಅವರ ಸಂಬಳಕ್ಕೆ ಆ ವಂತಿಗೆ ನಿಲುಕದು, ನಿಲುಕಿದ್ದರೂ ಅವರ ಹೆಸರನ್ನು ಯಾರೂ ಸೂಚಿಸುತ್ತಿರಲಿಲ್ಲ. ಮೂವರು ಕುಳಿತು ನಾಲ್ಕನೆಯವರು ಬಾರದಿದ್ದಾಗ “ಮೇಷ್ಟ್ರೇ, ಬನ್ನಿ” ಎಂಬ ಕರೆ ಬರುತ್ತಿತ್ತು. ನಾಲ್ಕನೆಯವರು ಬಂದ ಕೂಡಲೆ ತಂದೆ ಎಲೆಗಳನ್ನು ಕೆಳಮುಖವಾಗಿಟ್ಟು, ಎದ್ದು, ಕುರ್ಚಿಯನ್ನು ಸರಿಪಡಿಸಿ, ಗೋಡೆಯ ಪಕ್ಕಕ್ಕೆ ಬರುತ್ತಿದ್ದರು. ಇದರಲ್ಲಿ ಅವಮಾನವಿದೆಯೆಂದು ಅವರೂ ತಿಳಿದಂತಿರಲಿಲ್ಲ, ಅವರೂ ತಿಳಿದಂತಿರಲಿಲ್ಲ.

ಆ ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ಪಂದ್ಯ. ಬ್ರಿಡ್ಜಿನ ಪಂದ್ಯದಲ್ಲಿ ಒಂದು ಅಪೂರ್ವ ನ್ಯಾಯವಿದೆ. ಒಂದು ಮೇಜಿನಲ್ಲಿ ಆಡಿದ ಎಲೆಗಳನ್ನು ಕಲಸದೆ, ನಾಲ್ಕು ಗೂಡುಗಳ ತಗಡಿನ ತಟ್ಟೆಯಲ್ಲಿಟ್ಟು, ಇನ್ನೊಂದು ಮೇಜಿಗೆ ಸಾಗಿಸುತ್ತಾರೆ. ಅಲ್ಲಿಯೂ ಅದೇ ದಿಕ್ಕಿಗೆ ಅವೇ ಎಲೆಗಳು. ಒಂದು ತಂಡದ ಇಬ್ಬರು ಇಲ್ಲಿ ಯಾವ ಎಲೆಗಳನ್ನು ಆಡಿದರೋ ಎದುರು ತಂಡದ ಇಬ್ಬರು ಅಲ್ಲಿ ಅವನ್ನೇ ಆಡುತ್ತಾರೆ. ಅದೃಷ್ಟ ಎರಡು ಕಡೆಗೂ ಸಮನಾಗಿ ಹಂಚಿಹೋಯಿತು, ಉಳಿದದ್ದು ಬುದ್ಧಿ. ಈ ಕ್ರಮವನ್ನು ವಿಸ್ಟ್ ಆಟದಲ್ಲಿ 1857ರಲ್ಲೇ ಲಂಡನ್ನಿನಲ್ಲಿ ಪರೀಕ್ಷಿಸಿದ್ದರು. ‘ನನ್ನ ಹಣೆಬರಹ ಕೆಟ್ಟದ್ದು’ ಎಂಬ ಮಾತನ್ನು ಬಾಯಿಂದ ಕಿತ್ತುಕೊಳ್ಳುವ ಇಂತಹ ಏರ್ಪಾಡನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

1971ರ ಪಂದ್ಯ. ಎರಡು ತಂಡ, ಎಂಟು ಜನ. ಕಡೆಯ ಗಳಿಗೆಯಲ್ಲಿ ಒಬ್ಬರಿಗೆ ಜಿಲ್ಲಾ ಕೇಂದ್ರದಿಂದ ಕರೆ ಬಂತು. ತಂದೆಯನ್ನು ಕರೆದರು. ಸದಸ್ಯರಲ್ಲದವರು ಪಂದ್ಯಕ್ಕೆ ಕೂರಬಹುದೇ ಎಂದು ಯಾರೋ ಆಕ್ಷೇಪವೆತ್ತಿದರು. ಡಾಕ್ಟರು, “ಮೇಷ್ಟ್ರು ಕೂರದಿದ್ದರೆ ನಾವು ಏಳು ಜನ ಟೆನಿಸ್ ಆಡಬೇಕು” ಎಂದು ನಗಿಸಿ, ಮಾತು ಮುಗಿಸಿದರು. ಕೊನೆಯ ಹಂಚಿಕೆಯಲ್ಲಿ ಎದುರಾಳಿಗಳು ಆಟೀನನ್ನು ತುರುಫು ಮಾಡಿ ಹತ್ತು ಸುತ್ತು ಗೆಲ್ಲುವುದಾಗಿ ಕೂಗಿದ್ದರು. ಒಂಬತ್ತು ಆಗಿತ್ತು. ಉಳಿದದ್ದು ಎರಡೆರಡು ಎಲೆ. ತಂದೆಯ ಕೈಯಲ್ಲಿ ಇಸ್ಪೀಟಿನ ರಾಣಿ, ಕಳಾವರದ ಹತ್ತು. ಒಂದನ್ನು ಬಿಡಬೇಕು. ರಾಣಿಯನ್ನು ಬಿಡಲು ಯಾರಿಗೆ ಮನಸ್ಸು ಬಂದೀತು? ತಂದೆ ರಾಣಿಯನ್ನು ಹಾಕಿದರು. ಹನ್ನೊಂದು ಕಳಾವರಗಳು ಹೋಗಿದ್ದುದನ್ನು ಅವರು ಎಣಿಸಿದ್ದರು. ಕೊನೆಯ ಸುತ್ತಿನಲ್ಲಿ ಎದುರಾಳಿ ಇಳಿಸಿದ ಕಳಾವರದ ಒಂಬತ್ತನ್ನು ಆ ಹತ್ತು ಹಿಡಿಯಿತು. ಇನ್ನೊಂದು ಮೇಜಿನಲ್ಲಿ, ಅದೇ ಕುರ್ಚಿಯಲ್ಲಿ, ಅವೇ ಎಲೆಗಳೊಡನೆ ಕುಳಿತಿದ್ದ ವಕೀಲರು ರಾಣಿಯನ್ನು ಉಳಿಸಿಕೊಂಡು ಹತ್ತನ್ನು ಬಿಟ್ಟಿದ್ದರು. ಆ ಒಂದು ಸುತ್ತಿನಿಂದ ಪಂದ್ಯ ತಂದೆಯ ತಂಡದ್ದಾಯಿತು.

ಮುಂದಿನ ಶನಿವಾರ ಹೋದಾಗ ಕಪ್ಪು ಹಲಗೆಯ ಮೇಲೆ ಬಿಳಿಯ ಬಣ್ಣದಲ್ಲಿ ಆ ವರ್ಷದ ಸಾಲು ಬರೆದಾಗಿತ್ತು. ಮೂರು ಹೆಸರು, ಪದವಿಗಳ ಸಹಿತ. ನಾಲ್ಕನೆಯದಾಗಿ ‘ಅತಿಥಿ’ ಎಂದಷ್ಟೇ ಇತ್ತು. ನಾನು ಆಗತಾನೆ ಹಲಗೆಗಳನ್ನು ಸರಾಗವಾಗಿ ಓದಿ ಹೆಮ್ಮೆಪಡುತ್ತಿದ್ದ ಹುಡುಗ, ಗಟ್ಟಿಯಾಗಿ ಓದಿದೆ. ತಂದೆ, “ಅತಿಥಿ ಅಂದರೆ ದೇವರ ಸಮಾನ ಕಣೋ” ಎಂದು ನಕ್ಕರು. ನಗು ಅವರದೇ ಆಗಿತ್ತು.

ಅದರ ಮುಂದಿನ ಯುಗಾದಿ. ನಮ್ಮ ಕಡೆ ಹಬ್ಬದ ಮಾರನೆಯ ದಿನ ಹೊಸತೊಡಕು. ಆ ದಿನ ಎಲೆ ಹಿಡಿಯದವನಿಗೆ ವರ್ಷದ ಅದೃಷ್ಟ ತಿಳಿಯದೆಂಬ ನಂಬಿಕೆ. ಹತ್ತಿರದ ಹಳ್ಳಿಯೊಂದರ ಅರಳಿಕಟ್ಟೆಯ ಮೇಲೆ ಆಡುತ್ತಿದ್ದ ಏಳು ಜನರನ್ನು ಪೊಲೀಸರು ಹಿಡಿದೊಯ್ದರು. ಅವರಲ್ಲಿ ಇಬ್ಬರು ತಂದೆಯ ಹಳೆಯ ವಿದ್ಯಾರ್ಥಿಗಳು. ತಂದೆ ಠಾಣೆಗೆ ಹೋದರು. ಅಲ್ಲಿ ಕುಳಿತಿದ್ದವರು ಕ್ಲಬ್ಬಿನಲ್ಲಿ ಎಷ್ಟೋ ಬಾರಿ ಅವರೆದುರು ಜೊತೆಗಾರರಾಗಿ ಕುಳಿತಿದ್ದ ಅಧಿಕಾರಿ. “ಅದು ಬೇರೆ, ಇದು ಬೇರೆ ಮೇಷ್ಟ್ರೇ. ಅಲ್ಲಿ ಆಡುವುದು ಆಟ, ಇಲ್ಲಿ ಆಡುವುದು ಜೂಜು” ಎಂದರಂತೆ. ಕ್ಲಬ್ಬಿನ ಮೇಜಿನ ಮೇಲೂ ಪೈಸೆಯ ಲೆಕ್ಕದಲ್ಲಿ ಪಣವಿದ್ದುದು ಇಬ್ಬರಿಗೂ ತಿಳಿದಿತ್ತು. ಏಳು ಜನ ದಂಡ ಕಟ್ಟಿ ಬಂದರು.

ಅಧಿಕಾರಿಯ ಮಾತು ಪೂರಾ ಸುಳ್ಳಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 1967ರಲ್ಲಿ, ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಈ ಭೇದವನ್ನೇ ವಿಚಾರಿಸಿತ್ತು. ಮೂರೆಲೆಯ ಆಟ ಬರಿಯ ಅದೃಷ್ಟದ್ದು. ರಮ್ಮಿಯಲ್ಲಿ ನೆನಪೂ ನೈಪುಣ್ಯವೂ ಬೇಕು, ಅದರಲ್ಲಿರುವ ಅದೃಷ್ಟದ ಅಂಶ ಬ್ರಿಡ್ಜಿನಲ್ಲಿ ಎಲೆ ಹಂಚುವಾಗ ಇರುವಂತಹದೇ ಎಂದು ಹೇಳಿತು. ನಮ್ಮ 1963ರ ಪೊಲೀಸ್ ಕಾಯ್ದೆಯೂ ನೈಪುಣ್ಯದ ಆಟಗಳನ್ನು ಬೇರೆಯಾಗಿಯೇ ಇಟ್ಟಿತ್ತು. 2021ರಲ್ಲಿ ಆ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರಲ್ಲಿ ಹೈಕೋರ್ಟು ತಳ್ಳಿಹಾಕಿದಾಗಲೂ ಚರ್ಚೆಯಾದದ್ದು ಇದೇ ಗೆರೆ. ಕಟ್ಟೆಯ ಮೇಲಿನ ಮೂರೆಲೆಯಾಟದಿಂದ ಹೊಲ ಮಾರಿದ ಮನೆಗಳನ್ನೂ, ತಾಳಿ ಗಿರವಿಗೆ ಹೋದದ್ದನ್ನೂ ನಾನು ಕಂಡಿದ್ದೇನೆ. ಗೆರೆ ಬೇಕು. ಆದರೆ ಗೆರೆ ಆಟಗಳ ನಡುವೆ ಎಳೆದದ್ದೋ, ಆಡುವವರ ನಡುವೆ ಎಳೆದದ್ದೋ ಎಂಬ ಪ್ರಶ್ನೆ ಉಳಿಯುತ್ತದೆ. ಕಟ್ಟೆಯ ಮೇಲೆ ಆ ದಿನ ಯಾವ ಆಟ ನಡೆದಿತ್ತೆಂದು ಠಾಣೆಯಲ್ಲಿ ಯಾರೂ ಕೇಳಲಿಲ್ಲವೆಂದು ತಂದೆ ಹೇಳುತ್ತಿದ್ದರು. ಆಡುತ್ತಿದ್ದುದು ಇಪ್ಪತ್ತೆಂಟು, ಅದಕ್ಕೂ ಜೊತೆಗಾರ ಬೇಕು, ಕೂಗು ಬೇಕು, ತುರುಫು ಬೇಕು. ಬ್ರಿಡ್ಜಿನ ಬಡ ದಾಯಾದಿ ಅದು.

ತಂದೆ ಇನ್ನು ಕ್ಲಬ್ಬಿಗೆ ಹೋಗುವುದಿಲ್ಲವೆಂದು ನಾನು ತಿಳಿದಿದ್ದೆ. ಅವರು ಮುಂದಿನ ಶನಿವಾರವೂ ಹೋದರು. ನಾನು ಹೋಗಲಿಲ್ಲ. ಕಾಲೇಜು ಸೇರಿ ಬಂಡಾಯದ ಮಾತು ಕಲಿತ ಮೇಲೆ ಒಮ್ಮೆ ಅವರನ್ನು ನೇರವಾಗಿ ಕೇಳಿದ್ದುಂಟು: ಮರ್ಯಾದೆ ಇಲ್ಲದ ಕಡೆ ಏಕೆ ಹೋಗುತ್ತೀರಿ? ಅವರು ಬಹಳ ಹೊತ್ತು ಸುಮ್ಮನಿದ್ದು, “ಆಟ ಅಲ್ಲಿತ್ತಲ್ಲಪ್ಪ” ಎಂದರು. ಆಗ ಅದು ನನಗೆ ದುರ್ಬಲರ ಉತ್ತರವಾಗಿ ಕೇಳಿಸಿತು. ಈಗ ಹಾಗೆ ಹೇಳುವ ಧೈರ್ಯವಿಲ್ಲ. ವಿಶ್ವವಿದ್ಯಾನಿಲಯದ ಮೆಟ್ಟಿಲುಗಳನ್ನು ನಾನು ಹತ್ತಿದಾಗ ಅಲ್ಲಿಯೂ ಒಂದು ಕಪ್ಪು ಹಲಗೆ ಇತ್ತು. ವಿದ್ಯೆ ಅಲ್ಲಿತ್ತೆಂದು ನಾನೂ ಹತ್ತಿದೆ.

ಆ ಕ್ಲಬ್ಬು ಈಗ ಇಲ್ಲ. ಅಧಿಕಾರಿಗಳು ಸಂಜೆಗೆ ತುಮಕೂರಿಗೋ ಬೆಂಗಳೂರಿಗೋ ಮರಳುವ ಕಾಲ ಬಂತು; ಟೆಲಿವಿಷನ್ ಬಂತು; ಉಳಿದವರು ರಮ್ಮಿಗೆ ಇಳಿದರು; ನಾಲ್ಕನೆಯವರಿರಲಿ, ಎರಡನೆಯವರೂ ಸಿಗದಾದರು. ಕಟ್ಟಡ ಕೆಡವಿದಾಗ ಹಲಗೆ ಏನಾಯಿತೋ ತಿಳಿಯದು. ಊರುಗಳಲ್ಲಿ ಅಪರಿಚಿತರು ಪರಿಚಿತರಾಗುತ್ತಿದ್ದ ಒಂದು ಸ್ಥಳ ಹೋಯಿತೆಂದು ನನಗೆ ವ್ಯಸನವಿದೆ. ಅದರ ಬಾಗಿಲು ಎಷ್ಟು ಕಿರಿದಾಗಿತ್ತೆಂಬುದನ್ನು ಮರೆಯಲೂ ಆಗುವುದಿಲ್ಲ. ಇವೆರಡನ್ನೂ ಒಟ್ಟಿಗೆ ನೆನೆಯುವುದೇ ನ್ಯಾಯವೆಂದು ಕಾಣುತ್ತದೆ.

2018ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಡ್ಜಿಗೆ ಮೊದಲ ಬಾರಿಗೆ ಪದಕಗಳನ್ನಿಟ್ಟಾಗ ಪುರುಷರ ಜೋಡಿಯ ಚಿನ್ನವನ್ನು ಗೆದ್ದವರು ಭಾರತದ ಪ್ರಣಬ್ ಬರ್ಧನ್ ಮತ್ತು ಶಿಬ್ನಾಥ್ ಸರ್ಕಾರ್. ಒಬ್ಬರಿಗೆ 60, ಇನ್ನೊಬ್ಬರಿಗೆ 56. ಅಲ್ಲಿ ಹೆಂಗಸರೂ ಗಂಡಸರೂ ಕೂಡಿ ಆಡುವ ತಂಡಗಳೂ ಇದ್ದವು. ಪತ್ರಿಕೆಯಲ್ಲಿ ಆ ಇಬ್ಬರ ಪಟವನ್ನೂ, ಕೆಳಗೆ ಪೂರ್ಣವಾಗಿ ಅಚ್ಚಾಗಿದ್ದ ಹೆಸರುಗಳನ್ನೂ ನೋಡುತ್ತ ನಾನು ಬಹಳ ಹೊತ್ತು ಕುಳಿತಿದ್ದೆ.

ತಂದೆ ತೀರಿಕೊಂಡ ಮೇಲೆ ಅವರ ಪಂಚಾಂಗಗಳ ಕಟ್ಟನ್ನು ಬಿಚ್ಚಿದಾಗ 1971ರ ಸಾಲಿನದರಲ್ಲಿ ಮಡಿಸಿದ ಒಂದು ಚೀಟಿ ಸಿಕ್ಕಿತು. ಆ ಕೊನೆಯ ಹಂಚಿಕೆಯ ಐವತ್ತೆರಡು ಎಲೆಗಳೂ, ಯಾವ ದಿಕ್ಕಿಗೆ ಯಾವುದು ಎಂಬ ಕ್ರಮದಲ್ಲಿ, ಅವರ ದುಂಡು ಅಕ್ಷರದಲ್ಲಿದ್ದವು. ನಾಲ್ಕು ದಿಕ್ಕಿಗೂ ಆಡಿದವರ ಹೆಸರು ಬರೆದಿದ್ದರು. ಪಶ್ಚಿಮದಲ್ಲಿ ತಮ್ಮ ಹೆಸರನ್ನು, ಇನಿಷಿಯಲ್ಲು ಬಿಡಿಸಿ, ಊರಿನ ಹೆಸರನ್ನೂ ಸೇರಿಸಿ, ಪೂರ್ಣವಾಗಿ ಬರೆದುಕೊಂಡಿದ್ದರು. ಊರು ಇಟಕದಿಬ್ಬನಹಳ್ಳಿ ಎಂದೇ ಇತ್ತು.